ಮನೆಯ ಮಾತು ಪುಸ್ತಕವಾಗುವಾಗ: ಇಟಾಲಿಯನ್-ಕೆನೆಡಿಯನ್ ಲೇಖಕರಿಂದ ಏನು ಕಲಿಯಬಹುದು?

ಪ್ರಶ್ನೆ: ನಾನು ಹುಬ್ಬಳ್ಳಿ ಕಡೆಯವಳು. ಮದುವೆಯಾದ ಮೇಲೆ ಕೆನಡಾಕ್ಕೆ ಬಂದು ಈಗ ಟೊರಾಂಟೊ ಪಕ್ಕದ ವುಡ್‌ಬ್ರಿಜ್‌ನಲ್ಲಿದ್ದೇನೆ. ನಮ್ಮ ಬೀದಿಯ ಹಳೆಯ ಮನೆಗಳೆಲ್ಲ ಹೆಚ್ಚಾಗಿ ಇಟಲಿ ಮೂಲದವರವು. ಇಲ್ಲಿನ ಗ್ರಂಥಾಲಯದ ಬರವಣಿಗೆ ತರಗತಿಗೆ ಸೇರಿದಾಗ ನಮಗೆ ಓದಲು ಕೊಟ್ಟದ್ದೂ ಇಟಾಲಿಯನ್-ಕೆನೆಡಿಯನ್ ಲೇಖಕರ ಪುಸ್ತಕಗಳನ್ನೇ. ತಾಯಿ, ತಂದೆ, ಬಿಟ್ಟುಬಂದ ಊರು, ಮನೆಯೊಳಗಿನ ಜಗಳ, ಎಲ್ಲವೂ ಅವುಗಳಲ್ಲಿವೆ. ಅವನ್ನು ಓದಿ ನಾನೂ ಅವ್ವನ ಬಗ್ಗೆ ಬರೆಯಲು ಆರಂಭಿಸಿದೆ. ಅಪ್ಪ ಬಹಳ ವರ್ಷ ಬಹರೇನ್‌ನಲ್ಲಿ ದುಡಿಯುತ್ತಿದ್ದರು. ಅವ್ವ ಒಬ್ಬಳೇ ನಮ್ಮನ್ನು ಸಾಕಿದಳು, ದೊಡ್ಡಪ್ಪನ ಜೊತೆ ಹೊಲದ ವ್ಯಾಜ್ಯವನ್ನೂ ನಡೆಸಿದಳು. ಆ ವ್ಯಾಜ್ಯ ಇನ್ನೂ ಕೋರ್ಟಿನಲ್ಲಿದೆ. ಬರೆದ ಕೆಲವು ಪುಟಗಳನ್ನು ತಮ್ಮನಿಗೆ ಕಳಿಸಿದರೆ, ‘ಅವ್ವ ಇರೂತನಕ ಇದನ್ನ ಬರೀಬ್ಯಾಡ, ಮನಿ ಮಾತು ಬೀದಿಗೆ ತರಬ್ಯಾಡ’ ಎಂದ. ತರಗತಿಯ ಇಟಾಲಿಯನ್ ಗೆಳತಿಯರು ‘ನಮ್ಮಲ್ಲಿ ಕುಟುಂಬವೇ ಎಲ್ಲ, ಅದಕ್ಕೇ ನಮ್ಮವರು ಇಷ್ಟು ಬರೆಯುತ್ತಾರೆ’ ಎನ್ನುತ್ತಾರೆ. ಇದು ನಿಜವೇ? ಆ ಲೇಖಕರು ಮನೆಯವರ ಒಪ್ಪಿಗೆ ಪಡೆದು ಬರೆದರೇ? ನಾನು ಕನ್ನಡದಲ್ಲಿ ಬರೆಯಬೇಕೇ, ಇಂಗ್ಲಿಷಿನಲ್ಲೇ? ಇಲ್ಲೇ ಹುಟ್ಟಿ ‘ನಾವು ಕೆನೆಡಿಯನ್ನರು’ ಎನ್ನುವ ನನ್ನ ಮಕ್ಕಳಿಗೆ ಇದರಿಂದ ಏನು ದಕ್ಕೀತು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಆತಂಕ ಒಂದೇ. ಬರೆದರೆ ತಾಯಿಗೆ ಅನ್ಯಾಯವಾಗುತ್ತದೆಯೋ, ಬರೆಯದಿದ್ದರೆ ಆಕೆ ಪಟ್ಟ ಪಾಡು ಯಾರಿಗೂ ತಿಳಿಯದೇ ಹೋಗುತ್ತದೆಯೋ ಎಂಬ ಇಕ್ಕಟ್ಟು ಅದು. ವಲಸೆ ಸಾಹಿತ್ಯವನ್ನು ಪಾಠ ಮಾಡುತ್ತ, ಇಂಥ ಕುಟುಂಬ ಕಥನಗಳ ಹಸ್ತಪ್ರತಿಗಳನ್ನು ತಿದ್ದುತ್ತ ಬಂದಿರುವ ನನಗೆ ಈ ಇಕ್ಕಟ್ಟು ಚೆನ್ನಾಗಿ ಪರಿಚಿತ. ಇಟಾಲಿಯನ್-ಕೆನೆಡಿಯನ್ ಲೇಖಕರು ನಿಮಗೆ ಒಳ್ಳೆಯ ಮಾರ್ಗದರ್ಶಕರಾಗಬಲ್ಲರು. ಆದರೆ ನಿಮ್ಮ ಗೆಳತಿಯರು ಕೊಟ್ಟ ಕಾರಣಕ್ಕಾಗಿ ಅಲ್ಲ. ಅವರಲ್ಲಿ ಉತ್ತಮರೆನಿಸಿಕೊಂಡವರು ಮನೆಯ ಯಾವ ಮಾತನ್ನು ಕಾದಂಬರಿಯಲ್ಲಿ ಹೇಳಬೇಕು, ಯಾವುದನ್ನು ಕವಿತೆಯಲ್ಲಿ, ಯಾವುದನ್ನು ತಾಯಿಯ ಬಾಯಿಂದಲೇ ಹೇಳಿಸಬೇಕು ಎಂಬುದನ್ನು ಬಹಳ ಯೋಚಿಸಿ ನಿರ್ಧರಿಸಿದವರು. ನಿಮ್ಮ ತಮ್ಮನ ಆಕ್ಷೇಪಕ್ಕೆ ಉತ್ತರ ಸಿಗುವುದೂ ಅಲ್ಲೇ ಎಂದು ನನ್ನ ಅಭಿಪ್ರಾಯ.

ಮೊದಲು ಆ ‘ಕುಟುಂಬವೇ ಎಲ್ಲ’ ಎಂಬ ಮಾತನ್ನು ನೋಡೋಣ. ಕುಟುಂಬಕ್ಕೆ ಅಲ್ಲಿ ದೊಡ್ಡ ಸ್ಥಾನವಿತ್ತು ಎಂಬುದು ನಿಜ. ಆ ಕಾರಣದಿಂದಲೇ ಮಕ್ಕಳು ಲೇಖಕರಾದರು ಎಂಬುದು ಹೆಚ್ಚಿನಂಶ ಸುಳ್ಳು. ಎರಡನೇ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ಕೆನಡಾಕ್ಕೆ ಬಂದ ಲಕ್ಷಾಂತರ ಇಟಾಲಿಯನ್ನರಲ್ಲಿ ಬಹಳಷ್ಟು ಮಂದಿ ಮೊಲಿಜೆ, ಅಬ್ರುಜ್ಜೊ, ಕಲಾಬ್ರಿಯ, ಫ್ರಿಯೂಲಿ ಮೊದಲಾದ ಪ್ರದೇಶಗಳ ಹಳ್ಳಿಗಳಿಂದ ಬಂದವರು. ಒಬ್ಬ ಅಣ್ಣನೋ ಭಾವನೋ ಮೊದಲು ಬಂದು ಜಾಮೀನು ನಿಂತು, ಹಿಂದೆಯೇ ತಮ್ಮಂದಿರನ್ನು, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ವಾಡಿಕೆಯಾಗಿತ್ತು. ಗಂಡಸರು ಕಟ್ಟಡ, ರಸ್ತೆ, ಸುರಂಗದ ಕೆಲಸಕ್ಕೆ ಹೋದರು. ಹೆಂಗಸರು ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋದರು, ಇಲ್ಲವೇ ಮನೆಯಲ್ಲೇ ಹೊಲಿಗೆ ಹಿಡಿದರು. 1960ರ ಮಾರ್ಚ್ 17ರಂದು ಟೊರಾಂಟೊದ ಹಾಗ್ಸ್ ಹಾಲೋದಲ್ಲಿ ನೀರಿನ ಕೊಳವೆಗಾಗಿ ತೋಡುತ್ತಿದ್ದ ಸುರಂಗದೊಳಗೆ ಬೆಂಕಿ ಹತ್ತಿ ಐವರು ಇಟಾಲಿಯನ್ ಕಾರ್ಮಿಕರು ಸತ್ತ ಮೇಲೆಯೇ ಒಂಟಾರಿಯೊ ಪ್ರಾಂತ್ಯ ಕಾರ್ಮಿಕ ಸುರಕ್ಷತೆಯ ಕಾನೂನುಗಳನ್ನು ಗಂಭೀರವಾಗಿ ಪರಿಶೀಲಿಸಿದ್ದು. ಇಂಥ ಮನೆಗಳಲ್ಲಿ ಸ್ವಂತ ಮನೆ ಕಟ್ಟುವುದೇ ಸಾಧನೆಯಾಗಿತ್ತು. ಮೇಲಿನ ಅಡುಗೆಮನೆಯನ್ನು ನೆಂಟರಿಗೆಂದು ಹೊಳಪಾಗಿಟ್ಟು, ದಿನದ ಅಡುಗೆಯನ್ನೂ ಬೇಸಿಗೆಯ ಕೊನೆಗೆ ವರ್ಷಕ್ಕಾಗುವಷ್ಟು ಟೊಮೆಟೊ ಸಾಸ್ ಕುದಿಸುವುದನ್ನೂ ಬೇಸ್‌ಮೆಂಟಿನ ಎರಡನೇ ಅಡುಗೆಮನೆಯಲ್ಲಿ ಮಾಡುವ ರೂಢಿಯನ್ನು ನಿಮ್ಮ ಬೀದಿಯ ಹಳೆಯ ಮನೆಗಳಲ್ಲಿ ನೀವೇ ನೋಡಿರಬಹುದು. ಆ ಕಾಲದ ತಂದೆತಾಯಿಯರಿಗೆ ಮಗ ವಕೀಲನೋ ಎಂಜಿನಿಯರನೋ ಆಗುವುದು ಅರ್ಥವಾಗುತ್ತಿತ್ತು. ಕವಿತೆ ಬರೆಯುವುದು, ಅದರಲ್ಲೂ ಮನೆಯ ಬಗ್ಗೆಯೇ ಬರೆಯುವುದು, ದುಡಿಮೆಯಾಗಿ ಕಂಡಿರಲಿಲ್ಲ.

ಮನೆಯ ಮಾತು ಹೊರಗೆ ಬರದಿದ್ದುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಭಯದ್ದು. 1940ರ ಜೂನ್ 10ರಂದು ಇಟಲಿ ಯುದ್ಧಕ್ಕೆ ಇಳಿದ ಕೂಡಲೇ ಕೆನಡಾ ಸರ್ಕಾರ ಸುಮಾರು 31,000 ಇಟಾಲಿಯನ್ ಮೂಲದವರನ್ನು ಶತ್ರುದೇಶದ ಪ್ರಜೆಗಳೆಂದು ಗುರುತಿಸಿತು, ಸುಮಾರು 600 ಮಂದಿಯನ್ನು ಬಂಧನ ಶಿಬಿರಗಳಿಗೆ ಕಳಿಸಿತು. ಮಾಂಟ್ರಿಯಲ್‌ನ ಚಿತ್ರಕಾರ ಗ್ವಿಡೊ ನಿಂಕೇರಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರಾತೊ ಪಟ್ಟಣದಲ್ಲಿ 1885ರಲ್ಲಿ ಹುಟ್ಟಿದ ಈತ ಕ್ವಿಬೆಕ್‌ನ ಅನೇಕ ಚರ್ಚುಗಳಿಗೆ ಭಿತ್ತಿಚಿತ್ರ ಬರೆದವರು, ಬಣ್ಣದ ಗಾಜಿನ ಕಿಟಕಿ ಮಾಡಿಕೊಟ್ಟವರು. ಮೊಲಿಜೆಯಿಂದ ಬಂದವರು ಕಟ್ಟಿಕೊಂಡ ಮಡೋನ ದೆಲ್ಲ ದಿಫೇಸ ಚರ್ಚಿನ ದೊಡ್ಡ ಭಿತ್ತಿಚಿತ್ರದಲ್ಲಿ, ಪೋಪ್ ಮತ್ತು ಧರ್ಮಾಧಿಕಾರಿಗಳ ಜೊತೆಗೆ ಕುದುರೆಯ ಮೇಲೆ ಕೂತ ಮುಸ್ಸೊಲಿನಿಯನ್ನೂ ಬರೆದಿದ್ದರು; 1929ರಲ್ಲಿ ಇಟಲಿಗೂ ವ್ಯಾಟಿಕನ್ನಿಗೂ ಆದ ಒಪ್ಪಂದದ ನೆನಪಿಗೆಂದು ಬರೆಸಿದ್ದು ಅದು. ಯುದ್ಧ ಬಂದದ್ದೇ ನಿಂಕೇರಿಯನ್ನು ಹಿಡಿದು ಪೆಟವಾವ ಶಿಬಿರಕ್ಕೆ ಕಳಿಸಿದರು. ಮುಸ್ಸೊಲಿನಿ ಇಲ್ಲದ ಮೊದಲ ಕರಡು ಚಿತ್ರಗಳನ್ನು ಅಧಿಕಾರಿಗಳಿಗೆ ತೋರಿಸಿ, ಅದನ್ನು ಸೇರಿಸಿದ್ದು ಬರೆಸಿದವರ ಒತ್ತಾಯದಿಂದ ಎಂದು ಮನವರಿಕೆ ಮಾಡಿ, ಗಂಡನನ್ನು ಬಿಡಿಸಿ ತಂದವರು ಅವರ ಹೆಂಡತಿ. ಆ ಚಿತ್ರ ಇಂದಿಗೂ ಆ ಚರ್ಚಿನಲ್ಲಿದೆ. ಶಿಬಿರದಲ್ಲಿದ್ದ ಪತ್ರಕರ್ತ ಮಾರಿಯೊ ದುಲಿಯಾನಿ 1945ರಲ್ಲೇ ಆ ದಿನಗಳ ಬಗ್ಗೆ ಫ್ರೆಂಚಿನಲ್ಲಿ ಒಂದು ಪುಸ್ತಕ ಬರೆದರು. ಉಳಿದ ಬಹುತೇಕರು ಬಾಯಿ ಬಿಡಲಿಲ್ಲ. ಪ್ರಧಾನಿ ಬ್ರಯನ್ ಮಲ್ರೋನಿ 1990ರಲ್ಲಿ ಒಂದು ಸಮಾರಂಭದಲ್ಲಿ ಕ್ಷಮೆ ಕೇಳಿದರು. ಸಂಸತ್ತಿನೊಳಗೆ ವಿಧಿವತ್ತಾದ ಕ್ಷಮಾಪಣೆ ಬರಲು 2021ರ ಮೇ 27ರವರೆಗೆ ಕಾಯಬೇಕಾಯಿತು. ಸರ್ಕಾರವೇ ಎಂಬತ್ತು ವರ್ಷ ತೆಗೆದುಕೊಂಡ ಮಾತನ್ನು ಮನೆಯ ಹಿರಿಯರು ಮಕ್ಕಳೆದುರು ಆಡಲಿಲ್ಲವೆಂದರೆ ಅವರನ್ನು ದೂರುವಂತಿಲ್ಲ. ‘ಮನಿ ಮಾತು ಬೀದಿಗೆ ತರಬ್ಯಾಡ’ ಎಂಬುದರ ಹಿಂದೆ ಬರೀ ಮರ್ಯಾದೆಯ ಪ್ರಶ್ನೆ ಇರುವುದಿಲ್ಲ, ಹಿಂದೊಮ್ಮೆ ತಿಂದ ಪೆಟ್ಟಿನ ನೆನಪೂ ಇರಬಹುದು. ನಿಮ್ಮ ತಮ್ಮ ಹೊಲದ ವ್ಯಾಜ್ಯದ ನಡುವೆ ಊರಲ್ಲೇ ಇದ್ದು ದಿನವೂ ಆ ಜನರ ಮುಖ ನೋಡಬೇಕಾದವರಾಗಿದ್ದರೆ, ಅವರ ಮಾತನ್ನು ಆ ಬೆಳಕಿನಲ್ಲಿ ಕೇಳಿಸಿಕೊಳ್ಳಿ.

ಹಾಗಾದರೆ ಇಷ್ಟೊಂದು ಬರವಣಿಗೆ ಹುಟ್ಟಿದ್ದು ಹೇಗೆ? ಕುಟುಂಬ ಕೊಟ್ಟದ್ದು ವಸ್ತುವನ್ನು. ಬರೆಯುವ ಧೈರ್ಯ ಬಂದದ್ದು ಕುಟುಂಬದ ಹೊರಗಿನ ಜೊತೆಗಾರರಿಂದ. ಅರೆಜ್ಜೊದಲ್ಲಿ ಹುಟ್ಟಿ ಉತ್ತರ ಅಮೆರಿಕದಲ್ಲಿ ಬೆಳೆದ ಕವಿ ಪಿಯೆರ್ ಜಾರ್ಜೊ ದಿ ಚಿಕ್ಕೊ 1978ರಲ್ಲಿ ‘ರೋಮನ್ ಕ್ಯಾಂಡಲ್ಸ್’ ಎಂಬ ಸಂಕಲನ ತಂದಾಗ ಅದರಲ್ಲಿದ್ದವರು ಹದಿನೇಳು ಕವಿಗಳು. ಅಲ್ಲಿಯವರೆಗೆ ಅವರಲ್ಲಿ ಹಲವರು ಒಬ್ಬರನ್ನೊಬ್ಬರು ಅರಿಯದೆ, ತಮ್ಮಂತೆ ಬರೆಯುವವರು ಇನ್ನಾರೂ ಇಲ್ಲವೆಂದುಕೊಂಡೇ ಬರೆಯುತ್ತಿದ್ದರು. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ಆಂಟೊನಿಯೊ ದಾಲ್ಫೊನ್ಸೊ ಗುವೆರ್ನಿಕ ಎಡಿಶನ್ಸ್ ಪ್ರಕಾಶನ ಆರಂಭಿಸಿದರು. 1986ರಲ್ಲಿ ವ್ಯಾಂಕೂವರ್‌ನಲ್ಲಿ ಇಟಾಲಿಯನ್-ಕೆನೆಡಿಯನ್ ಲೇಖಕರ ಸಂಘ ಹುಟ್ಟಿತು. ಜೋಸೆಫ್ ಪಿವಾಟೊ ಅವರಂಥ ವಿಮರ್ಶಕರು ಈ ಬರವಣಿಗೆಯನ್ನು ತೌಲನಿಕ ಸಾಹಿತ್ಯದ ಪಾಠಕ್ಕೆ ತಂದರು. 1971ರಲ್ಲಿ ಸರ್ಕಾರ ಘೋಷಿಸಿದ ಬಹುಸಂಸ್ಕೃತಿ ನೀತಿಯೂ ಅದರ ಹಿಂದೆ ಬಂದ ಧನಸಹಾಯವೂ ಒದಗಿಬಂದವು. ದಿ ಚಿಕ್ಕೊ ಮುಂದೆ ಪಾದ್ರಿಯಾದರು, 2004ರಿಂದ 2009ರವರೆಗೆ ಟೊರಾಂಟೊ ನಗರದ ಅಧಿಕೃತ ಕವಿಯೂ ಆದರು. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ನಿಮ್ಮ ಮೊದಲ ಓದುಗನಾಗಿ ತಮ್ಮನನ್ನು ಆರಿಸಿಕೊಂಡಿರಿ. ಮನೆಯವರು ಮೊದಲ ಓದುಗರಾದಾಗ ಹಸ್ತಪ್ರತಿಗಳು ಅಲ್ಲೇ ನಿಂತುಹೋಗುವುದನ್ನು ನಾನು ಪದೇ ಪದೇ ಕಂಡಿದ್ದೇನೆ. ಮನೆಯವರು ಬರಹವನ್ನು ಬರಹವಾಗಿ ಓದುವುದಿಲ್ಲ, ತಮ್ಮ ಹೆಸರು ಎಲ್ಲಿದೆ ಎಂದು ಹುಡುಕುತ್ತಾರೆ. ಕರಡು ಒಂದು ರೂಪಕ್ಕೆ ಬರುವವರೆಗೆ ನಿಮ್ಮ ತರಗತಿಯವರಿಗೋ ಟೊರಾಂಟೊ ಸುತ್ತಲಿನ ಕನ್ನಡ ಓದುಗ ಸ್ನೇಹಿತರಿಗೋ ತೋರಿಸಿ.

ಈಗ ರೂಪದ ಮಾತಿಗೆ ಬರುತ್ತೇನೆ. ನೀವು ಓದಿದ ಪುಸ್ತಕಗಳಲ್ಲಿ ನೀನೊ ರಿಚ್ಚಿಯವರ ‘ಲೈವ್ಸ್ ಆಫ್ ದಿ ಸೇಂಟ್ಸ್’ ಇದ್ದೇ ಇರುತ್ತದೆ ಎಂದುಕೊಂಡಿದ್ದೇನೆ. 1990ರಲ್ಲಿ ಬಂದು ಗವರ್ನರ್ ಜನರಲ್ ಪ್ರಶಸ್ತಿ ಪಡೆದ ಕಾದಂಬರಿ ಅದು. ಅಪೆನೈನ್ ಬೆಟ್ಟಗಳ ನಡುವಿನ ವಾಲ್ಲೆ ದೆಲ್ ಸೋಲೆ ಎಂಬ ಹಳ್ಳಿ. ಗಂಡ ಕೆನಡಾದಲ್ಲಿ ದುಡಿಯುತ್ತಿದ್ದಾನೆ. ಹೆಂಡತಿ ಕ್ರಿಸ್ತೀನ, ಅಪ್ಪ ಮತ್ತು ಎಳೆಯ ಮಗ ವಿಟ್ಟೋರಿಯೊ ಜೊತೆ ಊರಲ್ಲಿ ಉಳಿದಿದ್ದಾಳೆ. 1960ರ ಜುಲೈನ ಒಂದು ಬಿಸಿಲ ದಿನ ದನದ ಕೊಟ್ಟಿಗೆಯಲ್ಲಿ ಆಕೆಗೆ ಹಾವು ಕಚ್ಚುತ್ತದೆ, ಆ ಕ್ಷಣದಲ್ಲಿ ಕೊಟ್ಟಿಗೆಯಲ್ಲಿ ಇನ್ನೊಬ್ಬ ಗಂಡಸಿದ್ದ ಎಂಬುದು ಮಗನಿಗೆ ಅರೆಬರೆ ಗೊತ್ತಾಗುತ್ತದೆ. ಆಕೆ ಬಸುರಿಯಾದದ್ದು ಊರಿಗೆ ತಿಳಿದ ಮೇಲೆ ಜನ ದೂರ ಸರಿಯುತ್ತಾರೆ. ಕೊನೆಗೆ ಮಗನನ್ನು ಕರೆದುಕೊಂಡು ಕೆನಡಾದ ಹಡಗು ಹತ್ತಿದವಳು ಹಡಗಿನಲ್ಲೇ ಹೆಣ್ಣು ಮಗುವನ್ನು ಹೆತ್ತು ಸಾಯುತ್ತಾಳೆ. ಇಡೀ ಕಥೆ ಮಗನ ಬಾಯಿಂದ ಬರುವುದರಿಂದ ಓದುಗರು ಇದನ್ನು ಲೇಖಕರ ಬಾಲ್ಯವೆಂದೇ ನಂಬುತ್ತಾರೆ. ಆದರೆ ರಿಚ್ಚಿ ಹುಟ್ಟಿದ್ದು 1959ರಲ್ಲಿ, ಅದೂ ಒಂಟಾರಿಯೊದ ಲೆಮಿಂಗ್ಟನ್‌ನಲ್ಲಿ. ಮೊಲಿಜೆಯಿಂದ ಬಂದವರು ಅವರ ತಂದೆತಾಯಿ. ವಾಲ್ಲೆ ದೆಲ್ ಸೋಲೆ ಎಂಬ ಊರು ಕಲ್ಪಿತ. ವಲಸೆ ಲೇಖಕರು ಕೇವಲ ತಮ್ಮ ನೆನಪನ್ನು ಬರೆಯುತ್ತಾರೆ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ತಾವು ಬಾಳದ ಊರನ್ನು, ತಂದೆತಾಯಿಯ ಪೀಳಿಗೆಯ ಮಾತಿನಿಂದಲೂ ಓದಿನಿಂದಲೂ ಮೊದಲಿನಿಂದ ಕಟ್ಟಿಕೊಂಡದ್ದು ಅವರ ಸೃಜನಶೀಲತೆ. ತಾವು ನಿಜವಾಗಿ ಬೆಳೆದ, ಗಾಜಿನ ಮನೆಗಳಲ್ಲಿ ತರಕಾರಿ ಬೆಳೆಯುವ ಲೆಮಿಂಗ್ಟನ್ ಕಡೆಯ ಬದುಕಿಗೆ ಅವರು ಬಂದದ್ದು 1993ರ ಎರಡನೇ ಕಾದಂಬರಿಯಲ್ಲಿ. ನನ್ನ ಓದಿನಲ್ಲಿ ಈ ಎರಡನೆಯದೇ ಹೆಚ್ಚು ಕಠಿಣವಾದದ್ದು, ಹೆಚ್ಚು ಪ್ರಾಮಾಣಿಕವಾದದ್ದು. ತಂದೆಯ ಮೌನವೂ ಆ ಹೆಣ್ಣು ಮಗುವಿನ ಮೇಲೆ ಅವನಿಗಿರುವ ಅಸಹನೆಯೂ ಅಲ್ಲಿ ಪುಟಪುಟದಲ್ಲಿ ಹರಡಿವೆ, ಆದರೂ ಪ್ರಶಸ್ತಿಯ ಗದ್ದಲದಲ್ಲಿ ಅದನ್ನು ಓದಿದವರು ಕಡಿಮೆ.

ಕಾದಂಬರಿಯ ಈ ದಾರಿಯಲ್ಲಿ ತಾಯಿಗೆ ಒಂದು ರಕ್ಷಣೆ ಇದೆ, ಒಂದು ಅಪಾಯವೂ ಇದೆ. ಕಥೆ ಕಲ್ಪಿತವಾದ್ದರಿಂದ ‘ಇದು ನಮ್ಮವ್ವ ಅಲ್ಲ’ ಎಂದು ಮನೆಯವರು ಹೇಳಿಕೊಳ್ಳಬಹುದು. ಆದರೆ ನೆಂಟರು ಕಲ್ಪನೆಯ ಭಾಗವನ್ನೂ ನಿಜವೆಂದೇ ಓದುತ್ತಾರೆ. ಗಂಡ ದೂರದೇಶದಲ್ಲಿರುವ ಹೆಂಗಸಿನ ಕಥೆಯಲ್ಲಿ ನೀವು ರಿಚ್ಚಿಯವರಂತೆ ಒಂದು ಗುಟ್ಟಿನ ಸಂಬಂಧ ಸೇರಿಸಿದಿರಿ ಎಂದಿಟ್ಟುಕೊಳ್ಳಿ. ಅದು ಪೂರ್ತಿ ನಿಮ್ಮ ಕಲ್ಪನೆಯಾದರೂ ಅದರ ಪರಿಣಾಮ ಬೀಳುವುದು ನಿಮ್ಮ ತಾಯಿಯ ಮೇಲೆ. ಹೆಸರು ಬದಲಾಯಿಸಿದರೆ ಸಾಕು ಎಂಬುದೂ ಭ್ರಮೆಯೇ. ಅಪ್ಪ ಬಹರೇನ್‌ನಲ್ಲಿ, ದೊಡ್ಡಪ್ಪನ ಜೊತೆ ವ್ಯಾಜ್ಯ, ಮಗಳು ಕೆನಡಾದಲ್ಲಿ, ಇಷ್ಟು ಸುಳಿವು ಸಿಕ್ಕರೆ ಒಂದು ತಾಲ್ಲೂಕಿನ ಜನಕ್ಕೆ ಹೆಸರೇ ಬೇಡ. ಮರೆಮಾಚಬೇಕೆಂದಿದ್ದರೆ ಕಥೆಯ ಹಂದರವನ್ನೇ ಬದಲಿಸಬೇಕು: ಹೊಲದ ಬದಲು ಅಂಗಡಿ, ದೊಡ್ಡಪ್ಪನ ಬದಲು ತಾಯಿಯ ಕಡೆಯ ಯಾರೋ, ಬೇರೆ ಊರು, ಬೇರೆ ದಶಕ.

ಕವಿ ಮೇರಿ ದಿ ಮಿಕೇಲೆಯವರ ದಾರಿ ಬೇರೆ. ಲಾಂಚಾನೊದಲ್ಲಿ ಹುಟ್ಟಿ ಮಗುವಾಗಿದ್ದಾಗಲೇ ಕೆನಡಾಕ್ಕೆ ಬಂದ ಇವರ ‘ಮಿಮೋಸ’ ಎಂಬ ದೀರ್ಘ ಕವಿತೆ 1981ರ ಸಂಕಲನದಲ್ಲಿದೆ. ಅದರಲ್ಲಿ ಮೊದಲು ಬರುವುದು ವಯಸ್ಸಾದ ತಂದೆ ವೀಟೊನ ಮನಸ್ಸಿನ ಚಿತ್ರ. ಆಮೇಲೆ ಹೇಳಿದಂತೆ ಕೇಳಿಕೊಂಡು ಮನೆಯ ಹತ್ತಿರವೇ ಉಳಿದ ಮಗಳು ಮಾರ್ತ ತನ್ನ ಮಾತು ಹೇಳುತ್ತಾಳೆ. ಮನೆ ಬಿಟ್ಟು ಕವಿತೆ ಹಿಡಿದ ಲೂಚಿಯ ತನ್ನದನ್ನು ಹೇಳುತ್ತಾಳೆ. ಬರೆದವರು ಕವಿಯಾದ್ದರಿಂದ ನಾವು ಲೂಚಿಯಳ ಪಕ್ಷ ವಹಿಸಲು ಸಿದ್ಧರಾಗಿರುತ್ತೇವೆ, ಆದರೆ ಅಷ್ಟರಲ್ಲಿ ಮಾರ್ತಳ ಹೊಟ್ಟೆಯುರಿಯೂ ತಂದೆಯ ದಣಿವೂ ನಮ್ಮ ಕಿವಿಯಲ್ಲಿರುತ್ತವೆ. ಈ ಕ್ರಮವನ್ನು ನಿಮಗೆ ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ನೀವು ಊರು ಬಿಟ್ಟವರು, ತಮ್ಮ ಊರಲ್ಲಿ ಉಳಿದವರು. ಆತನ ಆಕ್ಷೇಪವನ್ನು ತಳ್ಳಿಹಾಕುವ ಬದಲು ಅದನ್ನೇ ಪುಸ್ತಕದೊಳಗಿನ ಒಂದು ದನಿಯಾಗಿಸಿ. ಅಪಾಯವಿಷ್ಟೇ: ಒಳಗೇ ಸಿಟ್ಟಿಟ್ಟುಕೊಂಡು ಬರೆದರೆ ಎದುರಾಳಿಯ ದನಿ ಅಣಕವಾಗಿಬಿಡುತ್ತದೆ, ಅದು ಓದುಗರಿಗೆ ಕೂಡಲೇ ತಿಳಿಯುತ್ತದೆ. ದೊಡ್ಡಪ್ಪನ ಬಗ್ಗೆ ಬರೆಯುವಾಗ ನಿಮಗೆ ಇದೇ ಆದೀತು.

ಫ್ರಾಂಕ್ ಪಾಚಿ ಉಕ್ಕಿನ ಕಾರ್ಖಾನೆಯ ಊರಾದ ಸೂ ಸೇಂಟ್ ಮರಿಯಲ್ಲಿ ಬೆಳೆದವರು. ಅವರ 1982ರ ‘ಬ್ಲ್ಯಾಕ್ ಮಡೋನ’ ಕಾದಂಬರಿಯಲ್ಲಿ ತಾಯಿ ಅಸ್ಸುಂತ ಹೆಚ್ಚು ಮಾತಾಡದವಳು, ಇಟಲಿಯಿಂದ ತಂದ ಪೆಟ್ಟಿಗೆಯನ್ನು ಯಾರಿಗೂ ತೆರೆಯಗೊಡದವಳು. ಓದಲು ಟೊರಾಂಟೊಕ್ಕೆ ಹೋದ ಮರೀ ಎಂಬ ಮಗಳಿಗೆ ತಾಯಿಯನ್ನು ಕಂಡರೆ ನಾಚಿಕೆ, ತಾಯಿ ಬಡಿಸಿದ ಊಟವೂ ಬೇಡವಾಗುವಷ್ಟು. ತಾಯಿ ಸತ್ತ ಮೇಲೆಯೇ ಆ ಪೆಟ್ಟಿಗೆ ಮಗಳ ಕೈಗೆ ಬರುತ್ತದೆ. ‘ಅವ್ವ ಇರೂತನಕ ಬ್ಯಾಡ’ ಎನ್ನುವವರು ಕಾಯುವುದರ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಅನ್ನಿಸುವುದು ಇಂಥ ಕಡೆ. ಎಡ್ಮಂಟನ್‌ನ ಕ್ಯಾಟರೀನ ಎಡ್ವರ್ಡ್ಸ್ ಅವರ 2008ರ ‘ಫೈಂಡಿಂಗ್ ರೋಸ’ ಇದನ್ನು ಕಲ್ಪನೆಯ ನೆರವಿಲ್ಲದೆಯೇ ತೋರಿಸುತ್ತದೆ. ತಾಯಿಗೆ ಆಲ್ಜೈಮರ್ ಕಾಯಿಲೆ. ಆಕೆ ಹುಟ್ಟಿದ ಇಸ್ಟ್ರಿಯಾ ಸೀಮೆಯೋ ಒಂದು ಶತಮಾನದೊಳಗೆ ಆಸ್ಟ್ರಿಯಾ-ಹಂಗೇರಿ, ಇಟಲಿ, ಯುಗೊಸ್ಲಾವಿಯಾ, ಕ್ರೊಯೇಷಿಯಾ ಎಂದು ಕೈ ಬದಲಾಯಿಸಿದ ನೆಲ. ಕೇಳಬೇಕೆನ್ನಿಸಿದ ಹೊತ್ತಿಗೆ ಹೇಳುವವರ ನೆನಪೇ ಕರಗುತ್ತಿದ್ದುದರಿಂದ ಮಗಳು ಆ ಸೀಮೆಗೇ ಹೋಗಿ, ದಾಖಲೆಗಳಲ್ಲಿಯೂ ಉಳಿದ ಬಂಧುಗಳಲ್ಲಿಯೂ ತಾಯಿಯ ಕಥೆಯನ್ನು ಹುಡುಕಬೇಕಾಯಿತು. ಆದ್ದರಿಂದ ಪ್ರಕಟಣೆಯನ್ನು ಬೇಕಾದರೆ ಮುಂದೂಡಿ, ಕೇಳುವುದನ್ನು ಮುಂದೂಡಬೇಡಿ.

ಕೇಳುವುದು ಹೇಗೆ ಎಂಬುದಕ್ಕೆ ಮೇರಿ ಮೆಲ್ಫಿಯವರ 2009ರ ‘ಇಟಲಿ ರಿವಿಸಿಟೆಡ್’ ನೋಡಿ. ಮೊಲಿಜೆಯ ಕಾಸಕಲೆಂದದಲ್ಲಿ ಕಳೆದ ತಮ್ಮ ಬಾಲ್ಯ, ಯೌವನಗಳ ಬಗ್ಗೆ ತಾಯಿ ಹೇಳುತ್ತ ಹೋಗುತ್ತಾರೆ, ಮಗಳು ಕೇಳುತ್ತ, ನಡುನಡುವೆ ವಾದಿಸುತ್ತ ಹೋಗುತ್ತಾರೆ. ಏನು ತಿನ್ನುತ್ತಿದ್ದರು, ಬಟ್ಟೆ ಹೇಗೆ ಒಗೆಯುತ್ತಿದ್ದರು, ಮದುವೆಗೆ ಯಾವ ವಸ್ತು ಕೊಡುತ್ತಿದ್ದರು ಎಂಬ ಸಣ್ಣ ವಿವರಗಳೇ ಅಲ್ಲಿ ಮುಖ್ಯ, ಮಗಳ ವ್ಯಾಖ್ಯಾನವನ್ನು ತಾಯಿ ಒಪ್ಪದಿರುವುದೂ ಅಲ್ಲೇ ದಾಖಲಾಗುತ್ತದೆ. ಒಪ್ಪಿಗೆಯ ಬಗ್ಗೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರ ಹತ್ತಿರವಿದೆ. ಒಮ್ಮೆ ಕೇಳಿ ‘ಹೂಂ’ ಅನ್ನಿಸಿಕೊಂಡು ಮುಗಿಸುವಂಥದಲ್ಲ ಅದು. ಮಾತಾಡುತ್ತ ಹೋದಂತೆ ತಾಯಿ ಕೆಲವನ್ನು ಕೊಡುತ್ತಾರೆ, ಕೆಲವನ್ನು ಕೊಟ್ಟು ಹಿಂತೆಗೆದುಕೊಳ್ಳುತ್ತಾರೆ. ಫೋನಿನಲ್ಲಿ ಮಾತು ಮುದ್ರಿಸಿಕೊಳ್ಳುತ್ತಿರುವುದನ್ನು ಮೊದಲೇ ತಿಳಿಸಿ. ‘ಅಪ್ಪ ಇಲ್ಲದಾಗ ಹ್ಯಾಂಗ ಅನಸ್ತಿತ್ತು’ ಎಂದು ಕೇಳಿದರೆ ‘ಏನ್ ಅನಸೂದು, ನಡದ ಹೋತು’ ಎಂಬ ಉತ್ತರ ಬರುತ್ತದೆ. ಬಹರೇನ್‌ನಿಂದ ದುಡ್ಡು ಹೇಗೆ ಬರುತ್ತಿತ್ತು, ತಡವಾದ ತಿಂಗಳು ಅಂಗಡಿಯವನಿಗೆ ಏನು ಹೇಳುತ್ತಿದ್ದಿರಿ, ಕೋರ್ಟಿಗೆ ಹೋಗುವ ದಿನ ನಮ್ಮನ್ನು ಯಾರ ಮನೆಯಲ್ಲಿ ಬಿಡುತ್ತಿದ್ದಿರಿ ಎಂದು ಕೇಳಿದರೆ ನೀವು ಎದುರು ನೋಡದ ಕಥೆಗಳು ಬರುತ್ತವೆ. ‘ಇದು ಬ್ಯಾಡ’ ಎಂದು ಅವರು ಹೇಳಿದ್ದನ್ನು ಬೇರೆಯಾಗಿಯೇ ಇಡಿ.

ಭಾಷೆಯ ವಿಷಯದಲ್ಲಿ ಆ ಲೇಖಕರಲ್ಲಿ ಒಮ್ಮತವೇ ಇಲ್ಲ. ಬಹುಮಂದಿ ಇಂಗ್ಲಿಷಿನಲ್ಲಿ ಬರೆದರು. ಮರಿಯ ಆರ್ದಿಜ್ಜಿ ಟೊರಾಂಟೊದಲ್ಲಿ ಕೂತು ಇಟಾಲಿಯನ್‌ನಲ್ಲೇ ಕಾದಂಬರಿ ಬರೆದರು. ಮೊಲಿಜೆಯ ಮೊಂತೆಲೊಂಗೊದಿಂದ 1958ರಲ್ಲಿ, ಹುಡುಗನಾಗಿದ್ದಾಗ, ಮಾಂಟ್ರಿಯಲ್‌ಗೆ ಬಂದ ಮಾರ್ಕೊ ಮಿಕೋನೆ ಅಲ್ಲಿನ ಬಹುಜನರ ಭಾಷೆಯಾದ ಫ್ರೆಂಚನ್ನು ಆರಿಸಿಕೊಂಡರು. ಅಲ್ಲಿನ ಇಟಾಲಿಯನ್ ತಂದೆತಾಯಿಯರು ಮಕ್ಕಳಿಗೆ ಇಂಗ್ಲಿಷ್ ಶಾಲೆಯೇ ಬೇಕೆಂದು 1960ರ ದಶಕದ ಕೊನೆಯಲ್ಲಿ ಸೇಂಟ್ ಲಿಯೊನಾರ್ಡ್‌ನಲ್ಲಿ ಬೀದಿಗಿಳಿದಿದ್ದನ್ನು ನೆನೆದರೆ ಅದು ಸಣ್ಣ ತೀರ್ಮಾನವಲ್ಲ. ಅವರ ಪುಸ್ತಕರೂಪದಲ್ಲಿ 1982ರಲ್ಲಿ ಬಂದ ಮೊದಲ ನಾಟಕದ ಹೆಸರೇ ಮೌನದ ಜನರು ಎಂದು. ಯಾರು ಕೇಳಬೇಕೋ ಅವರ ಭಾಷೆಯಲ್ಲಿ ಹೇಳಬೇಕು ಎಂಬ ವಾದ ಆ ನಾಟಕದೊಳಗೇ ಇದೆ. ಸ್ಟೀವ್ ಗಲ್ಲೂಚೊ ಅವರ ‘ಮಾಂಬೊ ಇಟಾಲಿಯಾನೊ’ ಇಂಗ್ಲಿಷಿನಲ್ಲಿ ಬರೆದದ್ದಾದರೂ ಮೊದಲು ರಂಗಕ್ಕೆ ಬಂದದ್ದು ಮಿಶೆಲ್ ತ್ರೆಂಬ್ಲೆಯವರ ಫ್ರೆಂಚ್ ಅನುವಾದದಲ್ಲಿ. ಮಗ ತಾನು ಸಲಿಂಗಿಯೆಂದು ತಂದೆತಾಯಿಗೆ ಹೇಳುವ ಆ ಕಥೆಯನ್ನು ಅವರು ನಗೆನಾಟಕವಾಗಿಸಿದರು. ಮನೆಯಲ್ಲಿ ಆಡಲಾಗದ್ದು ರಂಗದ ಮೇಲೆ ನಗುತ್ತ ನಗುತ್ತ ಆಡಿಬಿಟ್ಟಂತಾಯಿತು, ಪಾತ್ರಗಳು ಅಚ್ಚಿನ ಗೊಂಬೆಗಳಾದವು ಎಂಬ ದೂರೂ ಬಂತು. ಇನ್ನೊಂದನ್ನು ಗಮನಿಸಿ: ಇವರಲ್ಲಿ ಹೆಚ್ಚಿನವರ ಮನೆಮಾತು ಶಾಲೆಯ ಇಟಾಲಿಯನ್ ಆಗಿರಲಿಲ್ಲ, ಆಯಾ ಊರಿನ ಆಡುಮಾತಾಗಿತ್ತು. ನಿಮ್ಮ ತಾಯಿಯ ಮಾತನ್ನು ಅವರ ಬಾಯಲ್ಲಿ ಬಂದಂತೆಯೇ, ಹುಬ್ಬಳ್ಳಿ ಕಡೆಯ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ಅದರ ಸುತ್ತಲಿನ ನಿಮ್ಮ ನಿರೂಪಣೆ ಯಾವ ಭಾಷೆಯಲ್ಲಿರಬೇಕೆಂಬುದನ್ನು ಆಮೇಲೆ ನಿರ್ಧರಿಸಬಹುದು. ಕನ್ನಡದಲ್ಲಿ ಬಂದರೆ ಊರವರು ಓದುತ್ತಾರೆ, ಆಕ್ಷೇಪವೂ ಹೆಚ್ಚು. ಇಂಗ್ಲಿಷಿನಲ್ಲಿ ಬಂದರೆ ಮಕ್ಕಳು ಓದುತ್ತಾರೆ, ಆದರೆ ತಮ್ಮ ಬಗ್ಗೆ ಏನು ಬರೆದಿದೆಯೆಂದು ಓದಿ ನೋಡುವ ಅವಕಾಶ ತಾಯಿಗೇ ತಪ್ಪಿಹೋಗಬಹುದು. ಈ ಎರಡನೆಯದು ನನಗೆ ಹೆಚ್ಚು ಚಿಂತೆಯ ವಿಷಯ. ಇಂಗ್ಲಿಷಿನಲ್ಲೇ ಬರೆಯುವುದಾದರೆ ತಾಯಿಗೆ ಸಂಬಂಧಿಸಿದ ಅಧ್ಯಾಯಗಳನ್ನು ಕನ್ನಡ ಮಾಡಿ ಅವರಿಗೆ ಓದಿ ಹೇಳಿ.

ಮಕ್ಕಳ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹೆಸರಾಂತ ವಿಮರ್ಶಕಿ ಲಿಂಡ ಹಚನ್ ಹುಟ್ಟಿದಾಗ ಅವರ ಮನೆತನದ ಹೆಸರು ಬೊರ್ತೊಲೊತ್ತಿ. ಮದುವೆಯಿಂದ ಬಂದ ಹೆಸರಿನ ಹಿಂದೆ ತಮ್ಮ ಇಟಾಲಿಯನ್ ಮೂಲ ಅಡಗಿ ಕೂತದ್ದರ ಬಗ್ಗೆ ಅವರೇ ಮುಂದೆ ಬರೆದರು. 2021ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಕೆನೆಡಿಯನ್ನರು ತಮ್ಮನ್ನು ಇಟಾಲಿಯನ್ ಮೂಲದವರೆಂದು ಹೇಳಿಕೊಂಡಿದ್ದಾರೆ, ಅವರಲ್ಲಿ ಬಹುತೇಕರು ಅಲ್ಲೇ ಹುಟ್ಟಿದವರು. ಹದಿಹರೆಯದಲ್ಲಿ ‘ನಾವು ಕೆನೆಡಿಯನ್ನರು’ ಎನ್ನುವುದು ಕೊನೆಯ ಮಾತಲ್ಲ, ತಪ್ಪು ಮಾತೂ ಅಲ್ಲ. ಅಜ್ಜಿಯ ಪುಸ್ತಕವನ್ನು ಮಕ್ಕಳ ಮೇಲೆ ಹೇರಬೇಡಿ. ಅದು ಮನೆಯ ಕಪಾಟಿನಲ್ಲಿದ್ದರೆ, ಬೇಕಾದ ವಯಸ್ಸಿನಲ್ಲಿ ಅವರೇ ಕೈಗೆತ್ತಿಕೊಳ್ಳುತ್ತಾರೆ.

ಇನ್ನು ಹೊಲದ ವ್ಯಾಜ್ಯ. ಈ ಒಂದು ವಿಷಯದಲ್ಲಿ ನಿಮ್ಮ ತಮ್ಮನ ಮಾತನ್ನು ಹಾಗೆಯೇ ಒಪ್ಪಿಕೊಳ್ಳಿ ಎನ್ನುತ್ತೇನೆ. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿರುವುದರಿಂದ ಆ ದಾವೆಯಲ್ಲಿ ನೀವೂ ಪಕ್ಷಗಾರರಾಗಿರಬಹುದು, ಅಥವಾ ಮುಂದೆ ಆಗಬಹುದು. ಆಗ ನೀವು ಅಚ್ಚಿಗೆ ಕೊಟ್ಟ ಒಂದು ವಾಕ್ಯವನ್ನು ಎದುರು ಪಕ್ಷದ ವಕೀಲರು ನಿಮ್ಮ ವಿರುದ್ಧವೇ ಬಳಸಿಕೊಳ್ಳಬಹುದು. ಬದುಕಿರುವ ದೊಡ್ಡಪ್ಪನ ಮೇಲೆ ಮೋಸದ ಆರೋಪ ಹೊರಿಸಿದರೆ ಮಾನನಷ್ಟದ ಮೊಕದ್ದಮೆಯೂ ಬರಬಹುದು. ನಮ್ಮಲ್ಲಿ ಅದು ಸಿವಿಲ್ ಮಾತ್ರವಲ್ಲ, ಕ್ರಿಮಿನಲ್ ಅಪರಾಧವೂ ಹೌದು. ಪುಸ್ತಕದ ಆ ಭಾಗವನ್ನು ಈಗ ಬರೆದು ಮುಗಿಸಿ, ದಾಖಲೆಗಳ ನಕಲುಗಳ ಜೊತೆ ಬೇರೆ ಕಡತದಲ್ಲಿಡಿ, ತರಗತಿಯಲ್ಲೂ ಓದಬೇಡಿ. ತೀರ್ಪು ಬಂದು ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾವೆ ನಡೆಸಿದ ವಕೀಲರಿಗೆ ಒಮ್ಮೆ ತೋರಿಸಿ ಪ್ರಕಾಶಕರಿಗೆ ಕೊಡಿ. ಬಹರೇನ್‌ನ ವರ್ಷಗಳೂ ಅವ್ವ ಸಂಸಾರ ತೂಗಿಸಿದ ಕಥೆಯೂ ಅದಕ್ಕಾಗಿ ಕಾಯಬೇಕಿಲ್ಲ. ಆ ಅಧ್ಯಾಯಗಳನ್ನು ಈ ಚಳಿಗಾಲದಲ್ಲೇ ಬರೆಯಲು ತೊಡಗಬಹುದು.